ಕೀಳದೆ ಬಿಟ್ಟ ಬದನೆ ಸಸಿ

ನನ್ನದು ಕಲ್ಲು ಮನಸ್ಸು ಅನ್ನುತ್ತಾರೆ ಮನೆಯವರು. ಇರಬಹುದು. ನಮ್ಮತ್ತೆ ಹೋದ ದಿನವೂ ಹೊತ್ತಿಗೆ ಸರಿಯಾಗಿ ಹಸುವಿಗೆ ಹುಲ್ಲು ಹಾಕಿದವಳು ನಾನು, ಹಸುವಿಗೇನು ಸೂತಕವೇ? ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟರೂ, ಅಳೋದೊಂದು ಬಿಟ್ಟು ಎಲ್ಲ ಕೆಲಸವೂ ಬರುತ್ತದೆ ಅಂದುಕೊಂಡಿದ್ದೆ. ಆ ಹೆಮ್ಮೆ ಮುರಿದದ್ದು ಒಂದು ಹುಳ.

ಮೊಮ್ಮಗಳು ಸವಿತಾ ಹೆಬ್ಬಾಳದ ಕಡೆ ಲ್ಯಾಬಿನಲ್ಲಿ ಹುಳ ಸಾಕುತ್ತಾಳೆ. ಹೆಸರಘಟ್ಟದಲ್ಲಿ ನಾವು ಹಸು ಸಾಕಿದೆವು, ಇವಳು ಕಣ್ಣಿಗೂ ಸರಿಯಾಗಿ ಕಾಣದ ದಾರದ ಚೂರಿನಂಥ ಹುಳ. ಹಾಲಿಲ್ಲ, ಸಗಣಿಯಿಲ್ಲ. ಒಂದು ದಿನ ಲ್ಯಾಬಿನ ದೊಡ್ಡವರ ಮುಂದೆ ಅದರ ವಿಷಯ ಮಾತಾಡಬೇಕಿತ್ತು. ಹೋದ ಸಲ ಯಾರಿಗೂ ಅರ್ಥವಾಗದೆ ತಲೆ ತಗ್ಗಿಸಿಕೊಂಡು ಬಂದಿದ್ದಳು. ಅದಕ್ಕೇ ಹಿಂದಿನ ಸಂಜೆ ಅಲ್ಲಾಳಸಂದ್ರದ ನಮ್ಮ ತಾರಸಿಯಲ್ಲಿ, ಬದನೆ ಸಸಿಯ ಕುಂಡದ ಪಕ್ಕ ನನ್ನನ್ನು ಕೂರಿಸಿ, "ನಿಂಗೆ ಅರ್ಥ ಆದ್ರೆ ಅವ್ರಿಗೂ ಆಗುತ್ತೆ ಅಜ್ಜಿ" ಅಂದಳು.

"ಹುಳದ ಹೊಟ್ಟೇಲಿ ಮೊಟ್ಟೆ ಆಗ್ಬೇಕಾದ ಜೀವಕೋಶಗಳಲ್ಲಿ ಅರ್ಧದಷ್ಟು ತಾವಾಗೇ ಸಾಯ್ತವೆ. ತಮ್ಮ ಸಾರ ಉಳಿದವಕ್ಕೆ ಬಿಟ್ಟು. 'ನೀನು ಸಾಯಿ' ಅಂತ ಅಪ್ಪಣೆ ಕೊಡೋ ಜೀನು ಅವುಗಳ ಒಳಗೇ ಇರುತ್ತೆ."

"ಅದು ಕೆಟ್ಟರೆ?"

"ಒಂದೂ ಸಾಯಲ್ಲ. ಹುಳಕ್ಕೆ ವಯಸ್ಸಾಗ್ತಾ ಮೊಟ್ಟೆ ಎಲ್ಲಾ ಸಣಕಲು."

"ಅಷ್ಟೇ ತಾನೆ? ಪೈರು ಒತ್ತಾಗಿ ಬಂದ್ರೆ ಕಿತ್ತು ತೆಳು ಮಾಡಲ್ವಾ, ಹಂಗೆ."

"ಇಲ್ಲಿ ಕೀಳೋರು ಯಾರೂ ಇಲ್ಲ ಅಜ್ಜಿ."

ಫೋನಿನಲ್ಲಿ ತೋರಿಸಿದಳು. ಸಾಯುತ್ತಿರುವ ಕೋಶಗಳು ಲ್ಯಾಬಿನಲ್ಲಿ ಹಾಕಿದ ಬಣ್ಣ ಕುಡಿದು ಮಿಣುಕುಹುಳದ ಹಾಗೆ ಹಸಿರಾಗಿ ಹೊಳೆಯುತ್ತಿದ್ದವು. ಕೆರೆಯ ಕಡೆಯಿಂದ ತಂಗಾಳಿ. ಅವಳು ನಾಳೆ ಆಡುವ ಮಾತನ್ನು ಓದುತ್ತಲೇ ಇದ್ದಳು, ನನಗೆ ಜೋಂಪು ಹತ್ತಿತು. ಹುಳದ ಹೊಟ್ಟೆಯೊಳಗೆ ಉದ್ದದ ಮದುವೆ ಪಂಕ್ತಿ. ಊಟಕ್ಕೆ ಕೂತವರಲ್ಲಿ ಅರ್ಧ ಜನ ಮೆಲ್ಲಗೆ ಎದ್ದು, "ನೀನು ಉಣ್ಣವ್ವ" ಅಂತ ತಮ್ಮ ಎಲೆ ಪಕ್ಕದವರಿಗೆ ಸರಿಸಿ, ಹಸಿರು ಬೆಳಕಿನೊಳಗೆ ನಡೆದುಹೋಗುತ್ತಿದ್ದರು. ಯಾರೂ ಅಳುತ್ತಿರಲಿಲ್ಲ. ನಾನು ಎಲೆ ಬಿಡುವವಳೋ, ಉಣ್ಣುವವಳೋ ಅಂತ ನೋಡಿಕೊಳ್ಳುವಷ್ಟರಲ್ಲಿ ಎಚ್ಚರವಾಯಿತು.

ಮರುದಿನ ಸವಿತಾ ನಗುತ್ತಾ ಬಂದಳು. "ಎಲ್ರಿಗೂ ಅರ್ಥ ಆಯ್ತಜ್ಜಿ. ನಿನ್ನ ಕುಂಡದ ಫೋಟೋ ತೋರಿಸ್ದೆ."

"ಯಾವುದಕ್ಕೆ ಉದಾಹರಣೆ ಅಂತ?"

"ಜೀನು ಕೆಟ್ಟ ಹುಳಕ್ಕೆ."

ತಾರಸಿಗೆ ಹೋಗಿ ನೋಡಿದೆ. ಹಿಡಿ ಬೀಜ ಚೆಲ್ಲಿದ್ದೆ, ಒಂದನ್ನೂ ಕಿತ್ತಿರಲಿಲ್ಲ; ಎಲ್ಲವೂ ಕೂದಲೆಳೆಯಂತೆ ನಿಂತಿದ್ದವು. ಸಿಟ್ಟು ಬಂದು ಕೂತು ಅರ್ಧ ಕಿತ್ತೆ. ಕಿತ್ತದ್ದನ್ನು ಮಡಿಲಲ್ಲಿಟ್ಟುಕೊಂಡೆ, ಎಸೆಯಲಾಗಲಿಲ್ಲ. ಆಮೇಲೆ ಒಡೆದ ಬಕೆಟ್ಟು, ಎಣ್ಣೆ ಡಬ್ಬ, ಉಪ್ಪಿನಕಾಯಿ ಜಾಡಿ ಎಲ್ಲ ಹುಡುಕಿ ಅವನ್ನೂ ನೆಟ್ಟೆ.

ಈಗ ತಾರಸಿಯಲ್ಲಿ ಕಾಲಿಡಲು ಜಾಗವಿಲ್ಲ, ಒಂದು ಬದನೆಕಾಯಿಯೂ ಬಿಟ್ಟಿಲ್ಲ. ಕಲ್ಲು ಮನಸ್ಸಿನವರು ಯಾರಾದರೂ ಇದ್ದರೆ ಬಂದು ಅರ್ಧ ಕಿತ್ತುಕೊಂಡು ಹೋಗಲಿ. ನಾನು ಒಳಗೆ ಇರುತ್ತೇನೆ.