ಕನಾರಿ ಓಣಿಯ ಕಪ್ಪು ಚಿತ್ರ

ಪರ್ಮಾದಿಯ ಬಾಯಿಂದ 'ಆಗಲ್ಲ' ಎನ್ನುವ ಮಾತು ಹೊರಡುತ್ತಿರಲಿಲ್ಲ. ಅದು ಅವನೊಬ್ಬನ ದೋಷವಲ್ಲ, ಸೋಲೋ ಊರಿನಲ್ಲಿ ಹುಟ್ಟಿದವರಿಗೆಲ್ಲ ಇರುವುದೇ. ಹಿರಿಯರು ಏನಾದರೂ ಕೇಳಿದರೆ ಮೊದಲು ತಲೆ ಬಾಗಿಸಿ 'ಆಗ್ಲಿ' ಅನ್ನಬೇಕು. ಹೇಗೆ ಆಗುತ್ತದೆ ಎಂಬುದನ್ನು ಮನೆಗೆ ಬಂದು ಯೋಚಿಸಿದರಾಯಿತು. ಬೇರೆಯವರು ಹತ್ತು ಸಲ 'ಆಗ್ಲಿ' ಅಂದು ಎಂಟು ಸಲ ಮರೆತುಬಿಡುತ್ತಿದ್ದರು. ಪರ್ಮಾದಿ ಮರೆಯುತ್ತಿರಲಿಲ್ಲ. ತೊಂದರೆ ಇದ್ದದ್ದು ಅಲ್ಲಿ.

ಕನಾರಿ ಓಣಿಯ ನಲವತ್ತು ಮನೆಗಳಿಗೆ ಒಬ್ಬ ಮುಖ್ಯಸ್ಥ. ಅವನನ್ನು ಎಲ್ಲರೂ ಪಾಕ್ ಎರ್‌ತೆ ಎಂದು ಕರೆಯುತ್ತಾರೆ, 'ಪಾಕ್' ಅಂದರೆ 'ಯಜಮಾನರೇ' ಎಂದ ಹಾಗೆ. ಸಂಬಳವಿಲ್ಲ, ರಜೆಯೂ ಇಲ್ಲ. ಯಾರಾದರೂ ಸತ್ತರೆ ಕುರ್ಚಿ ತರಿಸುವುದು, ಮದುವೆಯಾದರೆ ಅದೇ ಕುರ್ಚಿ ಎಣಿಸುವುದು, ಒಬ್ಬರ ಕೋಳಿ ಇನ್ನೊಬ್ಬರ ಮೆಣಸಿನ ಗಿಡ ಕೆದರಿದರೆ ಇಬ್ಬರ ಬೈಗುಳವನ್ನೂ ತಾನೇ ತಿನ್ನುವುದು, ಇದು ಅವನ ಕೆಲಸ. ಪರ್ಮಾದಿಯ ಅಪ್ಪ ಒಂಬತ್ತು ವರ್ಷ ಪಾಕ್ ಎರ್‌ತೆ ಆಗಿದ್ದ. ಆ ಒಂಬತ್ತು ವರ್ಷದಲ್ಲಿ ಅವನು ಬಿಸಿ ಅನ್ನ ಉಂಡದ್ದನ್ನು ಪರ್ಮಾದಿ ಒಂದು ದಿನವೂ ಕಾಣಲಿಲ್ಲ. ತುತ್ತು ಎತ್ತಿದ ಕೂಡಲೇ ಬಾಗಿಲು ಬಡಿಯುತ್ತಿತ್ತು.

ಈಗಿನ ಪಾಕ್ ಎರ್‌ತೆ ಸುವಿರ್ಯೊ ಹನ್ನೊಂದು ವರ್ಷ ಓಣಿಯ ಮೊಹರು, ರಿಜಿಸ್ಟರು ಹೊತ್ತು ಸುಸ್ತಾಗಿದ್ದ. ಮುಂದಿನವನನ್ನು ಆರಿಸಲು ಮೂರು ಹೆಸರುಗಳ ಪಟ್ಟಿ ಮಾಡಿದ್ದ. ಮೊದಲನೆಯವನು ಪಟ್ಟಿಯ ಸುದ್ದಿ ಕೇಳಿದ ವಾರವೇ ಸೆಮಾರಾಂಗ್ ಪಟ್ಟಣಕ್ಕೆ ಮನೆ ಬದಲಾಯಿಸಿದ. ಎರಡನೆಯವರು ಎಂಬಾಹ್ ಗುನೊ, ಅಂದರೆ ಗುನೊ ಅಜ್ಜ, ಎಪ್ಪತ್ತಾರು ವರ್ಷದ ಬಣ್ಣದ ಕಲಾವಿದರು, ಮೊಣಕಾಲು ಬಗ್ಗದು. ಮೂರನೆಯವನು ಪರ್ಮಾದಿ.

"ಪಾಕ್, ನನ್ ಹೆಸ್ರು ತೆಗೀರಿ, ಕೈ ಮುಗಿತೀನಿ" ಎಂದು ಪರ್ಮಾದಿ ಬೇಡಿಕೊಂಡಾಗ ಸುವಿರ್ಯೊ ಗಡ್ಡ ಕೆರೆದುಕೊಂಡ.

"ಸ್ವಾತಂತ್ರ್ಯ ದಿನಕ್ಕೆ ಓಣಿ ಬಾಗಿಲು ಸಿಂಗರ್ಸೋ ಸ್ಪರ್ಧೆ ಇದ್ಯಲ್ಲ. ಪ್ರತಿ ವರ್ಷ ಎಂಬಾಹ್ ಗುನೊ ಏಣಿ ಹತ್ತಿ ಬರೀತಿದ್ರು, ಈ ಸಲ ಆಗಲ್ವಂತೆ. ನಿನ್ ಕಂಪ್ಯೂಟರು ತಾನೇ ಚಿತ್ರ ಬಿಡ್ಸುತ್ತೆ ಅಂತ ಹೇಳ್ತಿದ್ಯಲ್ಲ? ಭಾನುವಾರ ನಾಲ್ಕು ಗಂಟೆಗೆ ತೀರ್ಪುಗಾರರು ಬರ್ತಾರೆ. ಅಷ್ಟರಲ್ಲಿ ಚಿತ್ರ ಕೊಡು, ನಿನ್ ಹೆಸ್ರು ಹೊಡೆದು ಹಾಕ್ತೀನಿ."

"ಆಗ್ಲಿ ಪಾಕ್" ಅಂದ ಪರ್ಮಾದಿ.

ಕಂಪ್ಯೂಟರು ಚಿತ್ರ ಬಿಡಿಸುತ್ತದೆ ಎಂದು ಅವನು ಎಲ್ಲೋ ಓದಿದ್ದು ನಿಜ. ತನ್ನ ಕಂಪ್ಯೂಟರಿನಲ್ಲಿ ಅದನ್ನು ಒಮ್ಮೆಯೂ ಮಾಡಿ ನೋಡಿರಲಿಲ್ಲ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಕೂತ. ಅವನದು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದ ಯಂತ್ರ. ಹಳೇ ಡಬ್ಬಿಗೆ ಬೇರೇನೂ ಒಗ್ಗುತ್ತಿರಲಿಲ್ಲ. ಒಳಗೆ ಚಿತ್ರದ ಲೆಕ್ಕ ಮಾಡುವ ಗ್ರಾಫಿಕ್ಸ್ ಕಾರ್ಡು ಇನ್ನೂ ಹಳೆಯದು. ಯಾರೋ ಕಂಪ್ಯೂಟರಿನಲ್ಲಿ ಡಿಜಿಟಲ್ ನಾಣ್ಯ ಅಗೆಯುವವರ ಹತ್ತಿರ ಹಗಲೂ ರಾತ್ರಿ ದುಡಿದು, ಉಬ್ಬಸ ಹಿಡಿದ ಮೇಲೆ ಸಂತೆಗೆ ಬಂದಿತ್ತು. ಫ್ಯಾನು ತಿರುಗಿದರೆ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕ ಬೆಕ್ಕಿನಂಥ ಸದ್ದು.

ಚಿತ್ರದ ತಂತ್ರಾಂಶವನ್ನು ಇಳಿಸಿ ಓಡಿಸಿದ. ಪರದೆ ತುಂಬ ಬಿಳಿ ಅಕ್ಷರ ಉರುಳಿ ಬಂದು ಕೊನೆಗೆ ಒಂದು ಸಾಲು ನಿಂತಿತು: ಈ ಯಂತ್ರದಲ್ಲಿ ಕಾರ್ಡೇ ಇಲ್ಲ.

ಪರ್ಮಾದಿ ಬಗ್ಗಿ ಡಬ್ಬಿಯೊಳಗೆ ನೋಡಿದ. ಕಾರ್ಡು ಇತ್ತು. ಬೆರಳಿಂದ ಮುಟ್ಟಿಯೂ ನೋಡಿದ.

"ಇದ್ಯಲ್ಲೋ!" ಎಂದು ಪರದೆಗೆ ಹೇಳಿದ.

ಅಷ್ಟರಲ್ಲಿ ಜತ್ಮಿಕೊ ಒಳಗೆ ಬಂದ. ಓಣಿಯ ತಲೆಯಲ್ಲಿ ಬ್ಯಾನರು ಮುದ್ರಿಸುವ ಅಂಗಡಿ ಅವನದು. ಓಣಿಯವರ ಹಾಗೆ ಅವನೂ ಪರ್ಮಾದಿಯನ್ನು 'ಮಾಸ್', ಅಂದರೆ ಅಣ್ಣ, ಎನ್ನುತ್ತಿದ್ದ. ಚಿತ್ರ ಕೈಗೆ ಬಂದರೆ ಅರ್ಧ ಗಂಟೆಯಲ್ಲಿ ಬಟ್ಟೆಯ ಮೇಲೆ ಇಳಿಸಿಕೊಡುತ್ತೇನೆ ಎಂದಿದ್ದ.

"ಏನ್ ಮಾಸ್, ದುಡ್ಡು ಕೊಡದೆ ಸಿಕ್ಕಿದ ಲಿನಕ್ಸು ದುಡ್ಡು ಕೊಡದವರ ಹಾಗೇ 'ಇಲ್ಲ, ಇಲ್ಲ' ಅಂತಿದ್ಯಾ?"

"ನೀನು ಸುಮ್ನಿರು. ಕಾರ್ಡು ಕಣ್ಣೆದುರೇ ಇದೆ, ಇಲ್ಲ ಅಂತಿದೆ."

ಇಬ್ಬರೂ ಅಂತರ್ಜಾಲದ ಚರ್ಚಾಕಟ್ಟೆಯಲ್ಲಿ ಹುಡುಕಿದರು. ಇದೇ ಕಾರ್ಡು, ಇದೇ ತೊಂದರೆ ಇದ್ದವನೊಬ್ಬ ಸಿಕ್ಕಿದ. ಮೂರು ಪುಟ ಗೋಳು ತೋಡಿಕೊಂಡಿದ್ದ. ಕೊನೆಗೆ 'ಸರಿಹೋಯಿತು, ಎಲ್ಲರಿಗೂ ಧನ್ಯವಾದ' ಎಂದು ಬರೆದು ಹೋಗಿದ್ದ. ಹೇಗೆ ಸರಿಹೋಯಿತು ಎಂದು ಬರೆದಿರಲಿಲ್ಲ.

"ಇವನ್ ಮನೆ ಹಾಳಾಗ!" ಎಂದ ಜತ್ಮಿಕೊ.

ಇನ್ನೊಂದು ಕಡೆ ಉಪಾಯ ಸಿಕ್ಕಿತು. ತಂತ್ರಾಂಶ ಮಾಡಿದವರು ಈ ತಲೆಮಾರಿನ ಕಾರ್ಡುಗಳನ್ನು ಪಟ್ಟಿಯಿಂದ ಕೈಬಿಟ್ಟು ವರ್ಷಗಳೇ ಆಗಿವೆಯಂತೆ. ಓಡಿಸುವ ಮುಂಚೆ ಒಂದು ಸಾಲು ಸೇರಿಸಿ, ಇದು ಹಳೇ ಕಾರ್ಡಲ್ಲ, ಹೊಸ ತಲೆಮಾರಿನದು ಎಂದು ಸುಳ್ಳು ಹೇಳಬೇಕು.

ಇದನ್ನು ಕೇಳಿಸಿಕೊಂಡ ಪಾಕ್ ಎರ್‌ತೆ ಸುವಿರ್ಯೊ ಕಿಟಕಿಯಿಂದ ತಲೆ ಹಾಕಿದ. "ವಯಸ್ಸು ಕಮ್ಮಿ ಹೇಳಿ ಕೆಲಸಕ್ಕೆ ಸೇರ್ಸೋದಾ? ಇಂಥದಕ್ಕೆಲ್ಲ ನಾನು ಮೊಹರು ಒತ್ತಲ್ಲಪ್ಪ!"

ಆದರೆ ಸುಳ್ಳು ನಡೆಯಿತು. ಫ್ಯಾನು ಕಿರುಚಿತು. ಪರದೆಯಲ್ಲಿ ಒಂದು ಪಟ್ಟಿ ಹರಿದಾಡತೊಡಗಿತು: ಶೇಕಡಾ ಎರಡು, ಮೂರು... ಶೇಕಡಾ ಇಪ್ಪತ್ತೊಂದು.

ಟಕ್!

ಮನೆಯ ಕರೆಂಟೆಲ್ಲ ಹೋಯಿತು. ಒಳಗಿಂದ ಹೆಂಡತಿ ನಾರ್ಸಿಹ್ ಕೂಗಿದಳು, "ಇನ್ನೂ ಹದಿನಾಲ್ಕು ಅಂಗಿ ಇದೆ ಕಣ್ರೀ! ಇಸ್ತ್ರಿ ಈಗ ತಾನೇ ಕಾದಿತ್ತು!"

ಕನಾರಿ ಓಣಿಯ ಮನೆಗಳಿಗೆಲ್ಲ ಒಂಬೈನೂರು ವ್ಯಾಟಿನ ಮೀಟರು, ಅದನ್ನು ಮೀರಿದರೆ ಟಕ್ಕೆಂದು ಬೀಳುತ್ತದೆ. ಇಸ್ತ್ರಿ ಹಾಕಿದರೆ ಪಂಪು ಹಾಕಬಾರದು, ಪಂಪು ಹಾಕಿದರೆ ರೈಸ್ ಕುಕ್ಕರ್ ಕೀಳಬೇಕು. ಮಕ್ಕಳು ಮಗ್ಗಿಗಿಂತ ಮೊದಲು ಈ ಲೆಕ್ಕ ಕಲಿಯುತ್ತಾರೆ. ಆ ಉಬ್ಬಸದ ಕಾರ್ಡು ಉಸಿರೆಳೆದರೆ ಅರ್ಧ ಇಸ್ತ್ರಿಯಷ್ಟು ಕರೆಂಟು ಕುಡಿಯುತ್ತದೆ ಎಂಬುದು ಪರ್ಮಾದಿಯ ಲೆಕ್ಕದಲ್ಲಿ ಬಂದಿರಲಿಲ್ಲ.

"ಸ್ವಲ್ಪ ಹೊತ್ತು ಇಸ್ತ್ರಿ ನಿಲ್ಸೇ."

"ಆ ಅಂಗಿಗಳು ನಾಳೆ ಶಾಲೆಗೆ ಹೋಗ್ಬೇಕು. ನಿಮ್ ಚಿತ್ರ ಹಾಕ್ಕೊಂಡು ಹೋಗ್ತಾರಾ ಮಕ್ಕಳು?"

ಪಕ್ಕದ ಮನೆಯ ಬು ತುಮಿರಾಹ್, ಅಂದರೆ ತುಮಿರಾಹ್ ಅಮ್ಮ, ಬೇಲಿಯ ಮೇಲಿಂದ ಎಲ್ಲ ಕೇಳಿಸಿಕೊಂಡಳು. ತೆಂಪೆ ಎಂಬ ಸೋಯಾ ಬಿಲ್ಲೆ ಕರಿದು ಮಾರುವ ಹೆಂಗಸು. ಓಣಿಯ ಸುದ್ದಿಯೆಲ್ಲ ಅವಳ ಬಾಣಲೆಯಲ್ಲೇ ಮೊದಲು ಬೇಯುತ್ತಿತ್ತು. "ನಮ್ಮನೆಯಿಂದ ತಂತಿ ಎಳ್ಕೋ ಮಾಸ್! ನೆರೆಮನೆ ಇರೋದು ಯಾತಕ್ಕೆ?"

ಬೇಲಿ ದಾಟಿ ತಂತಿ ಬಂತು. ಪರ್ಮಾದಿ ಮತ್ತೆ ಓಡಿಸಿದ. ಈ ಸಲ 'ಕಾರ್ಡಿನ ಮೆಮೊರಿ ಸಾಲದು' ಎಂದು ತಂತ್ರಾಂಶ ಅರಚಿತು. ಚಿತ್ರವನ್ನು ಚಿಕ್ಕದು ಮಾಡಿದ. ಮತ್ತೂ ಸಾಲದು. ಇನ್ನೂ ಚಿಕ್ಕದು ಮಾಡಿದ. ಬಿಸ್ಕತ್ತಿನಷ್ಟು ಆದ ಮೇಲೆ ಒಪ್ಪಿತು.

"ಓಣಿ ಬಾಗಿಲಿಗೆ ಬಿಸ್ಕತ್ತು ಅಂಟ್ಸಣ್ವಾ?" ಎಂದ ಜತ್ಮಿಕೊ.

"ನೀನು ದೊಡ್ಡದು ಮಾಡಿ ಒತ್ತು."

ಶೇಕಡಾ ನಲವತ್ತು. ನಲವತ್ತೆಂಟು. ಟಕ್!

"ಅಯ್ಯೋ, ಅನ್ನಕ್ಕಿಟ್ಟೆ!" ಎಂದು ಬೇಲಿಯಾಚೆಯಿಂದ ಬು ತುಮಿರಾಹ್.

ಮೂರನೇ ಸಲ ಮೀಟರು ಬೀಳಲಿಲ್ಲ. ಆದರೆ ಶೇಕಡಾ ಅರವತ್ತಕ್ಕೆ ಕಂಪ್ಯೂಟರೇ ಕಣ್ಣು ಮುಚ್ಚಿ ಮತ್ತೆ ತೆರೆಯಿತು, ಸಭೆಯಲ್ಲಿ ತೂಕಡಿಸುವ ಮುದುಕನ ಹಾಗೆ. ಜತ್ಮಿಕೊ ಅಂಗಡಿಯಿಂದ ಅಳತೆಯ ಯಂತ್ರ ತಂದು ಗೋಡೆಗೆ ಚುಚ್ಚಿ ನೋಡಿದ.

"ಮಾಸ್, ತಪ್ಪು ನಿನ್ ಲಿನಕ್ಸಿಂದಲ್ಲ. ವೋಲ್ಟೇಜೇ ಇಲ್ಲ. ಓಣಿಯಲ್ಲಿ ನಲವತ್ತು ಕುಕ್ಕರು ಒಟ್ಟಿಗೆ ಕೂತಿವೆ. ನಿನ್ ಮನೆ ತಂತಿಯ ತುದೀಲಿ. ಎಲ್ಲರೂ ಕುಡಿದು ಉಳಿದದ್ದು ನಿನಗೆ."

ಆಗ ಗಂಟೆ ಒಂದೂವರೆ. ಪರ್ಮಾದಿಗೆ ಅಪ್ಪನ ತಣ್ಣಗಿನ ಅನ್ನದ ತಟ್ಟೆ ಕಣ್ಣ ಮುಂದೆ ಬಂತು. ಚಪ್ಪಲಿ ಮೆಟ್ಟಿ ಹೊರಟ.

ಒಂದೊಂದೇ ಬಾಗಿಲ ಮುಂದೆ ನಿಂತು, ನಡು ಬಗ್ಗಿಸಿ, ತಡವರಿಸಿ ಕೇಳಿದ. "ಬು, ಕ್ಷಮಿಸಿ, ತೊಂದ್ರೆ ಕೊಡ್ತಿದೀನಿ... ಸ್ವಲ್ಪ ಹೊತ್ತು ನಿಮ್ಮ ರೈಸ್ ಕುಕ್ಕರ್ರು... ನಾನು ಹೇಳೋವರ್ಗೂ..."

ಕೇಳಿದವರೂ ಸೋಲೋದವರೇ. ಬಾಗಿಲಿಗೆ ಬಂದವನಿಗೆ 'ಆಗಲ್ಲ' ಎನ್ನುವುದು ಅವರಿಗೂ ಗೊತ್ತಿಲ್ಲ. "ಆಗ್ಲಿ ಮಾಸ್, ಆಗ್ಲಿ" ಎಂದು ಹೇಳಿ ಕುಕ್ಕರಿನ ತಂತಿ ಕಿತ್ತರು. ಒಬ್ಬ ಪಂಪು ನಿಲ್ಲಿಸಿ ಸೋಪಿನ ಮೈಯಲ್ಲೇ ಹೊರಗೆ ಬಂದ. ನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದ ಎರಡು ಮನೆಯವರು 'ಅವರು ಆರಿಸಿದರೆ ನಾವೂ' ಎಂದು ಒಟ್ಟಿಗೇ ಆರಿಸಿದರು. ಕೊನೆಗೆ ನಾರ್ಸಿಹ್ ಕೂಡ ಇಸ್ತ್ರಿಯನ್ನು ದಡ್ ಎಂದು ಕುಕ್ಕಿ, ಕೈ ಕಟ್ಟಿ ಕೂತಳು.

ಮನೆಯಲ್ಲಿ ಕರೆಂಟು ಬಳಸುವಂತಿಲ್ಲವೆಂದ ಮೇಲೆ ಜನ ಮನೆಯಲ್ಲಿದ್ದು ಏನು ಮಾಡಬೇಕು? ಒಬ್ಬೊಬ್ಬರೇ ಪರ್ಮಾದಿಯ ಮುಂದಿನ ಕೋಣೆಗೆ ಬಂದು ಚಾಪೆಯ ಮೇಲೆ ಕೂತರು. ಎಂಬಾಹ್ ಗುನೊ ಸ್ಟೂಲು ತಂದು ಎಲ್ಲರ ಮುಂದೆ ಕೂತು ಮೊಣಕಾಲು ನೀವಿಕೊಂಡರು.

"ಎಷ್ಟಾಯ್ತು?"

"ಶೇಕಡಾ ಎಪ್ಪತ್ತು ಎಂಬಾಹ್."

"ನಾನಾಗಿದ್ರೆ ಈಗಾಗ್ಲೇ ನಮ್ಮ ಕೆಂಪು-ಬಿಳಿ ಬಾವುಟದ ಕೆಂಪು ಮುಗ್ಸಿ ಬಿಳಿ ಹಚ್ತಿದ್ದೆ."

ತೊಂಬತ್ತು. ತೊಂಬತ್ತೈದು. ಗಂಟೆ ಮೂರೂಕಾಲು. ಯಾರೂ ಕೆಮ್ಮಲಿಲ್ಲ, ಕೆಮ್ಮಿದರೆ ವೋಲ್ಟೇಜು ಬಿದ್ದೀತೆಂಬ ಹೆದರಿಕೆ. ತೊಂಬತ್ತೊಂಬತ್ತು. ನೂರು!

ಎಲ್ಲರೂ ಚಪ್ಪಾಳೆ ತಟ್ಟಿದರು. ಪರ್ಮಾದಿ ಚಿತ್ರ ತೆರೆದು ಪರದೆಯ ತುಂಬ ಹರಡಿದ.

ಕಪ್ಪು.

ಪರದೆ ಆರಿತೆಂದುಕೊಂಡು ಗುಂಡಿ ಒತ್ತಿದ. ಪರದೆ ಆರಿರಲಿಲ್ಲ. ಚಿತ್ರವೇ ಕಪ್ಪು. ಈ ತುದಿಯಿಂದ ಆ ತುದಿಯವರೆಗೆ ಇದ್ದಿಲಿನ ಹಾಗೆ ಕಪ್ಪು.

"ಇದು ನಾನಲ್ವಾ!" ಎಂದು ಬು ತುಮಿರಾಹ್ ಹಿಗ್ಗಿದಳು. "ನೋಡ್ರೇ, ಹಿಂದ್ಗಡೆ ನಾರ್ಸಿಹ್ ಕೂತಿದಾಳೆ! ಎಷ್ಟ್ ಚೆನ್ನಾಗ್ ಬಂದಿದೀವಿ!"

"ಅದು ಗಾಜಿನಲ್ಲಿ ಕಾಣೋ ನಿಮ್ಮ ಬಿಂಬ ಬು" ಎಂದ ಪರ್ಮಾದಿ, ಅಳುವ ದನಿಯಲ್ಲಿ.

ಎಂಬಾಹ್ ಗುನೊ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಅಸ್ತರು ಚೆನ್ನಾಗಿ ಕೂತಿದೆ" ಎಂದು ಒಪ್ಪಿದರು. "ಬಣ್ಣ ಯಾವಾಗ ಹಚ್ತೀಯ?"

ನಾಲ್ಕಕ್ಕೆ ಸರಿಯಾಗಿ ತೀರ್ಪುಗಾರರು ಮೂವರು ಬಂದರು. ಓಣಿಯ ಬಾಗಿಲಲ್ಲಿ ಹೋದ ವರ್ಷದ ಬಣ್ಣ ಚಕ್ಕೆ ಎದ್ದಿತ್ತು. ಅದರ ಕೆಳಗೆ ನಲವತ್ತು ಮನೆಯ ಜನ ಮಧ್ಯಾಹ್ನದ ಊಟವಿಲ್ಲದೆ, ಒಬ್ಬ ಇನ್ನೂ ಸೋಪಿನಲ್ಲಿ, ಸಾಲಾಗಿ ನಿಂತಿದ್ದರು. ತೀರ್ಪುಗಾರರು ಪುಸ್ತಕದಲ್ಲಿ 'ಒಗ್ಗಟ್ಟು: ಬಹಳ ಚೆನ್ನಾಗಿದೆ. ಅಲಂಕಾರ: ಕಾಣಲಿಲ್ಲ' ಎಂದು ಬರೆದುಕೊಂಡು ಮುಂದಿನ ಓಣಿಗೆ ಹೋದರು.

ಸುವಿರ್ಯೊ ಗಂಟಲು ಸರಿಪಡಿಸಿಕೊಂಡ. ಪರ್ಮಾದಿ ತಲೆ ತಗ್ಗಿಸಿದ. ಚಿತ್ರವಾಗದೆ ಹೆಸರು ಹೊಡೆಯುವಂತಿಲ್ಲ, ಅದು ಅವನಿಗೆ ಗೊತ್ತಿತ್ತು. ಆದರೆ ಒಂದು ಆಸೆ ಉಳಿದಿತ್ತು: ಇಡೀ ಓಣಿಯನ್ನು ಉಪವಾಸ ಕೆಡವಿದವನಿಗೆ ಯಾರು ತಾನೇ ಕೈ ಎತ್ತುತ್ತಾರೆ?

"ನೋಡಿ" ಎಂದ ಸುವಿರ್ಯೊ. "ಹನ್ನೊಂದು ವರ್ಷ ನಾನು ಪಾಕ್ ಎರ್‌ತೆ. ಕಸದ ಬುಟ್ಟಿ ಮಂಗಳವಾರ ಇಡಿ ಅಂದ್ರೆ ಬುಧವಾರ ಇಟ್ರಿ. ಚರಂಡಿ ಗುಡ್ಸೋಕೆ ಬನ್ನಿ ಅಂದ್ರೆ ಐದು ಜನ ಬಂದ್ರಿ, ಅದ್ರಲ್ಲಿ ಇಬ್ರು ಟೀ ಕುಡಿಯೋಕೆ. ಇವತ್ತು ಇವನು ಬಾಗಿಲಿಗೆ ಬಂದು ಒಂದು ಮಾತು ಹೇಳಿದ್ದಕ್ಕೆ ನಲವತ್ತು ಮನೆಯವರೂ ಅನ್ನದ ಕುಕ್ಕರ್ ಆರ್ಸಿದೀರಿ. ಅನ್ನದ ಕುಕ್ಕರ್! ಇಂಥವನನ್ನ ಬಿಟ್ಟು ಇನ್ಯಾರನ್ನ ಮಾಡೋದು?"

"ಹೌದು ಹೌದು!" ಎಂದಿತು ಓಣಿ. ಮಾತು ಬಿಟ್ಟ ಎರಡು ಮನೆಯವರೂ ಕೈ ಎತ್ತಿದರು. ಎಂಬಾಹ್ ಗುನೊ ಎರಡು ಕೈ ಎತ್ತಿದರು.

"ಏನಪ್ಪ, ಒಪ್ಪಿಗೇನಾ?"

ಪರ್ಮಾದಿ ಬಾಯಿ ತೆರೆದ. 'ಆಗಲ್ಲ' ಎಂಬ ಮಾತು ಹೊಟ್ಟೆಯಿಂದ ಹೊರಟು, ಎದೆ ದಾಟಿ, ಗಂಟಲವರೆಗೂ ಬಂತು. ಎದುರಿಗೆ ಅಷ್ಟು ಜನ ಹಿರಿಯರು.

"ಆಗ್ಲಿ ಪಾಕ್" ಅಂದ.

ಸಂಜೆ ಐದೂವರೆಗೆ ಅವನು ಮೊಹರು ಮತ್ತು ರಿಜಿಸ್ಟರನ್ನು ತೊಡೆಯ ಮೇಲಿಟ್ಟುಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದ. ಏನಾಯಿತೆಂದು ಅವನಿಗೆ ಇನ್ನೂ ಸರಿಯಾಗಿ ತಿಳಿದಿರಲಿಲ್ಲ. ಜತ್ಮಿಕೊ ಫೋನಿನಲ್ಲಿ ಹುಡುಕಿ ಕೂಗಿದ, "ಸಿಕ್ತು ಮಾಸ್! ಹಳೇ ಕಾರ್ಡಿಗೆ ಅರ್ಧ ಲೆಕ್ಕ ಮಾಡೋಕೆ ಬರಲ್ವಂತೆ, ಅದಕ್ಕೇ ಮಸಿ ಬಳಿಯುತ್ತೆ. ಪೂರ್ತಿ ಲೆಕ್ಕ ಮಾಡು ಅಂತ ಎರಡು ಪದ ಸೇರ್ಸಬೇಕಂತೆ. ಚಿತ್ರ ಹೇಗೆ ಬರ್ತಿದೆ ಅಂತ ನಡುವೆ ನೋಡೋಕೂ ಒಂದು ಗುಂಡಿ ಇದೆ."

ಎರಡು ಪದ! ಪರ್ಮಾದಿ ಸೇರಿಸಿದ, ಓಡಿಸಿದ. ಫ್ಯಾನಿನ ಬೆಕ್ಕು ಮತ್ತೆ ಕೆಮ್ಮಿತು. ನಿಧಾನವಾಗಿ ಪರದೆಯಲ್ಲಿ ಮಂಜು ಮಂಜಾಗಿ ಕೆಂಪು ಕಂಡಿತು, ಬಿಳಿ ಕಂಡಿತು. ಶೇಕಡಾ ಎಂಬತ್ತಕ್ಕೆ ಓಣಿಯ ಬಾಗಿಲು ಎದ್ದು ನಿಂತಿತು. ತೊಂಬತ್ತಕ್ಕೆ ಬಾವುಟ ಹಾರಿತು. ಎಷ್ಟು ಚೆನ್ನಾಗಿತ್ತೆಂದರೆ ನಾರ್ಸಿಹ್ ಕೂಡ ಬಂದು ಹೆಗಲ ಮೇಲೆ ಕೈಯಿಟ್ಟು ನಿಂತಳು. ಪರ್ಮಾದಿಗೆ ಜೀವ ಬಂತು. ಇದನ್ನು ಸುವಿರ್ಯೊಗೆ ತೋರಿಸಬೇಕು. ತಡವಾದರೂ ಮಾತು ನಡೆಸಿದ್ದೇನಲ್ಲ, ಹೆಸರು ಹೊಡೆಯಿರಿ ಎನ್ನಬೇಕು.

ತೊಂಬತ್ತಾರು.

ಬಾಗಿಲು ಬಡಿಯಿತು. ಬು ತುಮಿರಾಹ್ ನಿಂತಿದ್ದಳು. ಅವಳ ಹಿಂದೆ ಕತ್ತಲಾಗುತ್ತಿದ್ದ ಓಣಿಯ ಉದ್ದಕ್ಕೂ ಒಂದೊಂದು ಹೊಸ್ತಿಲಲ್ಲಿ ಒಬ್ಬೊಬ್ಬರು ನಿಂತು ಇತ್ತಲೇ ನೋಡುತ್ತಿದ್ದರು.

"ಪಾಕ್ ಎರ್‌ತೆ, ಮಕ್ಕಳಿಗೆ ಹಸಿವಾಗಿದೆ. ನೀವು ಹೇಳೋವರ್ಗೂ ಹಾಕ್ಬೇಡಿ ಅಂದಿದ್ರಿ, ಓಣಿಯೆಲ್ಲ ಕಾಯ್ತಿದೀವಿ. ಈಗ ಕುಕ್ಕರ್ ಹಾಕ್ಬಹುದಾ?"

ಪರ್ಮಾದಿಯ ಕಣ್ಣು ಪರದೆಯ ಮೇಲಿತ್ತು, ನಾಲಿಗೆ ತನ್ನ ಪಾಡಿಗೆ ತಾನಿತ್ತು.

"ಆಗ್ಲಿ ಬು."

ನಲವತ್ತು ಮನೆಗಳಲ್ಲಿ ನಲವತ್ತು ಕುಕ್ಕರುಗಳು ಒಂದೇ ಗಳಿಗೆಯಲ್ಲಿ ಕೂತವು. ದೀಪ ಒಮ್ಮೆ ಕುಗ್ಗಿತು. ಬೆಕ್ಕಿನ ಕೆಮ್ಮು ನಿಂತಿತು. ಬಾಗಿಲು, ಬಾವುಟ, ಕೆಂಪು, ಬಿಳಿ ಎಲ್ಲ ಹೋಗಿ ಪರದೆ ಪೂರ್ತಿ ಕಪ್ಪಾಯಿತು. ಆ ಕಪ್ಪಿನ ನಡುವೆ, ತೊಡೆಯ ಮೇಲೆ ರಿಜಿಸ್ಟರು ಇಟ್ಟುಕೊಂಡ ಕನಾರಿ ಓಣಿಯ ಹೊಸ ಪಾಕ್ ಎರ್‌ತೆಯ ಮುಖ ಮಾತ್ರ ಬಹಳ ಸ್ಪಷ್ಟವಾಗಿ ಮೂಡಿತ್ತು.