ಕೆಂಪು ಕಾಣದವನ ಮೆಣಸಿನಕಾಯಿ ಅಂಗಡಿ

ಕೆಂಪು ಯಾವುದು, ಹಸಿರು ಯಾವುದು ತಿಳಿಯದವನು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಅಂಗಡಿ ಇಟ್ಟರೆ ಇಂಥವು ಆಗುತ್ತಲೇ ಇರುತ್ತವೆ. ನಾನು ಇಟ್ಟಿದ್ದೇನೆ, ಆಗುತ್ತಲೇ ಇವೆ. ನನ್ನ ಕಣ್ಣಿಗೆ ಎರಡೂ ಬಣ್ಣ ಹಳೆಯ ಹುಣಸೆಹಣ್ಣಿನ ಹಾಗೆ ಒಂದೇ ತರಹ. ಮೂವತ್ತು ವರ್ಷ ಮಾರ್ಕೆಟ್ಟಿನಲ್ಲಿ ಇದು ಒಬ್ಬರಿಗೂ ಗೊತ್ತಾಗಲಿಲ್ಲ. ಮನೆಯಲ್ಲಿ ಗೊತ್ತಿತ್ತು, ಅದೇ ತೊಂದರೆ.

ಅವ್ವನ ಲೆಕ್ಕ

ಚಿಕ್ಕವನಿದ್ದಾಗ ಅವ್ವ ರಂಜಕದ ಚಟ್ನಿ ಕುಟ್ಟಲು ಹಿತ್ತಲಿಂದ ಹಣ್ಣು ಮೆಣಸಿನಕಾಯಿ ಹರಿದು ತಾ ಎಂದಳು. ಬುಟ್ಟಿ ತುಂಬ ತಂದೆ, ಮುಕ್ಕಾಲು ಪಾಲು ಹಸಿ. ಹೊಡೆಯಲು ಎತ್ತಿದ ಕೈಯನ್ನು ಅವ್ವ ಹಾಗೇ ಇಳಿಸಿದಳು. "ಹಲಗೇರ್ಯಾಗ ನಮ್ಮಪ್ಪನೂ ಹಿಂಗ ತರತಿದ್ದ. ಅವನ ಗುಣ ಬಂದೈತಿ ಇವಗ."

ಕಟ್ಟೆಯ ಮೇಲಿದ್ದ ಅಪ್ಪ, "ನಮ್ಮ ಮನಿತನದಾಗ ಇಂಥಾದ್ದು ಯಾರಿಗೂ ಇಲ್ಲವಾ" ಎಂದರು.

"ಅದಕ್ಕ ಬಿಟ್ಟೆ" ಎಂದಳು ಅವ್ವ. "ನಿಮ್ಮ ಕಡೇದಿದ್ದರ ಎರಡು ಹಾಕತಿದ್ದೆ."

ಕಣ್ಣು ಮುಚ್ಚಿ ನೋಡುವುದು

ಬ್ಯಾಡಗಿ ಕಾಯಿಗೆ ಬೆಲೆ ಬರುವುದೇ ಬಣ್ಣಕ್ಕೆ. ನಾನು ಒಂದು ಹಿಡಿ ತೆಗೆದುಕೊಂಡು ಸುಕ್ಕು ಮುಟ್ಟಿ, ಕಿವಿಯ ಹತ್ತಿರ ಅಲ್ಲಾಡಿಸಿ, ಮುರಿದು ಮೂಸುತ್ತಿದ್ದೆ. ತೆರೆದು ಪ್ರಯೋಜನವಿಲ್ಲವೆಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಮುಂಬೈಯಿಂದ ಬಂದ ಖರೀದಿದಾರರೊಬ್ಬರು ಇದನ್ನು ದೇವರ ಪೂಜೆ ನೋಡಿದ ಹಾಗೆ ನೋಡಿ, "ಬಣ್ಣ ಹೆಂಗೈತ್ರಿ?" ಎಂದು ಕೇಳಿದರು.

"ನನ್ನ ಮಾಲನ್ನ ನಾನ ಹೊಗಳಬಾರದ್ರಿ. ನೀವ ಹೇಳ್ರಿ."

ಅವರೇ ಕಾಲು ತಾಸು ಹೊಗಳಿದರು. ಹೊಗಳಿದ ಮೇಲೆ ರೇಟು ಇಳಿಸಲು ಅವರಿಗೇ ನಾಚಿಕೆಯಾಯಿತು.

ಮರುವರ್ಷ ಮಾರ್ಕೆಟ್ಟಿನಲ್ಲಿ ಇನ್ನಿಬ್ಬರು ವ್ಯಾಪಾರಿಗಳು ಕಣ್ಣು ಮುಚ್ಚಿ ಕಾಯಿ ನೋಡುವುದನ್ನು ಶುರು ಮಾಡಿದರು. ಒಬ್ಬರಿಗೆ ಬಣ್ಣ ಹೋದ ಬಿಳಿಗಾಯಿ ಗಂಟುಬಿದ್ದ ಮೇಲೆ ಅವರು ಕಣ್ಣು ತೆರೆದರು.

ಹಾವೇರಿ ಡಾಕ್ಟರು

ಹೆದ್ದಾರಿ ಅಗಲ ಮಾಡುತ್ತಿದ್ದ ಕಾಲ. ಧೂಳು ಕುಡಿಯುತ್ತ ಹಾವೇರಿಗೆ ಹೋಗಿ, ಓದುವ ಕನ್ನಡಕಕ್ಕೆಂದು ಕಣ್ಣಿನ ಡಾಕ್ಟರ ಮುಂದೆ ಕುಳಿತೆ. ಹೆಂಡತಿ ಜೊತೆಗಿದ್ದಳು. ಡಾಕ್ಟರು ಬಣ್ಣದ ಚುಕ್ಕಿಗಳ ಪುಸ್ತಕ ಹಿಡಿದರು.

"ಇದರಾಗ ಎಷ್ಟು ಅಂತ ಕಾಣತೈತಿ?"

"ನೀವ ಮೊದಲು ಹೇಳ್ರಿ."

"ನಾನಲ್ಲ, ನೀವು ಹೇಳಬೇಕು."

"ಮೊದಲು ಅಂಕಿ ಹೇಳಿ ನಾ ಯಾವತ್ತೂ ಉಳಿದಿಲ್ರಿ, ಸಾಹೇಬ್ರ."

ಅವರು ಪುಸ್ತಕ ಮುಚ್ಚಿ, ಅಜ್ಜ ಅವ್ವ ಎಲ್ಲರ ಸಂಗತಿ ಕೇಳಿ ಬಿಡಿಸಿ ಹೇಳಿದರು. "ನಿಮ್ಮ ಅಜ್ಜ ಇದನ್ನ ನಿಮ್ಮ ಅವ್ವಗ ಕೊಟ್ಟಾರ. ಅವರಿಗೆ ಏನೂ ತೋರಲಿಲ್ಲ, ಆದ್ರ ನಿಮಗ ದಾಟಿಸಿದ್ರು. ನಿಮ್ಮಿಂದ ಮಗಗ ಬರಂಗಿಲ್ಲ. ಮಗಳು ಮಾತ್ರ ಹೊತ್ತುಕೊಂಡಾಳ. ಆಕೀಗೆ ಬಣ್ಣ ಬರೋಬ್ಬರಿ ಕಾಣತಾವ, ಆಕೀ ಗಂಡುಮಕ್ಕಳಿಗೆ ಬರಬಹುದು, ಬರದನೂ ಇರಬಹುದು. ಅರ್ಧಕ್ಕರ್ಧ."

ಹೊರಗೆ ಬಂದ ಮೇಲೆ ಹೆಂಡತಿ ಬಾಯಿ ಬಿಟ್ಟಳು. "ಅಂಗಡಿ ಮಗಗ, ಇದು ಮಗಳಿಗೆ. ಚೊಲೋ ಪಾಲು ಮಾಡೀರಿ."

ಬೀಗರು ನೋಡಿದ ಸೀರೆ

ಅವಳ ಸಿಟ್ಟಿಗೆ ಕಾರಣವಿತ್ತು. ಮಗಳನ್ನು ನೋಡಲು ರಾಣೆಬೆನ್ನೂರಿನಿಂದ ಬಟ್ಟೆ ವ್ಯಾಪಾರಿಗಳ ಮನೆಯವರು ಎಂಟು ದಿನದಲ್ಲಿ ಬರುವವರಿದ್ದರು. ಅದಕ್ಕೂ ಮೊದಲು ಎರಡು ಸಂಬಂಧ ಸಣ್ಣ ಮಾತಿಗೆ ತಪ್ಪಿದ್ದವು. ಈ ಹುಡುಗನ ಫೋಟೋ ಮಗಳ ಪುಸ್ತಕದಲ್ಲಿ ಸಿಕ್ಕಿತ್ತು, ಅಂದರೆ ಮನಸ್ಸಾಗಿತ್ತು.

"ಕಣ್ಣಿಂದು ತಿಳಿದ್ರ ಅವರೂ ಎದ್ದು ಹೋಗತಾರ" ಎಂದಳು ಹೆಂಡತಿ. "ಅವರು ಹೋಗೋತನಕ ಯಾವ ಬಣ್ಣದ ಹೆಸರೂ ಎತ್ತಬ್ಯಾಡ್ರಿ."

ಎತ್ತಲಿಲ್ಲ. ಮಳೆ, ಬೆಳೆ, ರಸ್ತೆ ಎಲ್ಲ ಮಾತಾಡಿದೆ. ಮಗಳು ಅವಲಕ್ಕಿ ತಂದಳು. ಹುಡುಗನ ಅಪ್ಪ ಕನ್ನಡಕ ಸರಿಮಾಡಿಕೊಂಡು, "ಹುಡುಗಿಗೆ ಕೆಂಪು ಸೀರಿ ಭಾಳ ಒಪ್ಪೈತಿ ನೋಡ್ರಿ" ಎಂದರು. ಬಟ್ಟೆ ವ್ಯಾಪಾರಿಯೇ ಹೇಳಿದ ಮೇಲೆ ಇನ್ನೇನು. ನನಗೆ ಧೈರ್ಯ ಬಂತು.

"ಹೌದ್ರಿ" ಎಂದೆ. "ಖಾಸಾ ನಮ್ಮ ಬ್ಯಾಡಗಿ ಬಣ್ಣ."

ನನ್ನ ಹೆಂಡತಿ ಹುಡುಗನ ತಾಯಿಯನ್ನು ನೋಡಿದಳು. ಅವರು ಇವಳನ್ನು ನೋಡಿದರು.

"ಹಸಿರು" ಎಂದ ಹುಡುಗ ಮೆಲ್ಲಗೆ. ಆ ದಿನ ಅವನು ಆಡಿದ ಮಾತು ಅದೊಂದೇ.

"ನಿಮ್ಮನಿಯವರಿಗೂ ಏನ್ರೀ?" ಎಂದರು ಅವನ ತಾಯಿ.

"ಲಗ್ನ ಆದಾಗಿಂದ್ರಿ" ಎಂದಳು ನನ್ನ ಹೆಂಡತಿ.

ಇನ್ನು ಮುಚ್ಚಿಟ್ಟು ಫಾಯದೆಯಿಲ್ಲ. ಡಾಕ್ಟರು ಹೇಳಿದ್ದನ್ನೆಲ್ಲ ಒಪ್ಪಿಸಿದೆ: ನಿಮ್ಮದು ನಿಮ್ಮ ಮಗನಿಗೆ ದಾಟಿಲ್ಲ, ನನ್ನದು ನನ್ನ ಮಗಳ ಹತ್ತಿರ ಇದೆ, ಮೊಮ್ಮಗನಿಗೆ ಬರಬಹುದು. ಆಮೇಲೆ ತಡೆಯಲಾರದೆ ಕೇಳಿದೆ, "ಸೀರಿ ಹೆಂಗ ಮಾರತೀರಿ?"

"ಬಣ್ಣ ಗಿರಾಕಿ ಹೇಳತಾರ. ನಾ ಹೌದ್ರಿ ಅಂತೇನಿ. ನಿಮ್ಮದು?"

"ನಮ್ಮದೂ ಅದ ರೀತಿ."

ಅವರು ಇನ್ನೊಂದು ತಟ್ಟೆ ಅವಲಕ್ಕಿ ಕೇಳಿದರು. ಸಂಬಂಧ ಕುದುರಿತು.

ಮೊಮ್ಮಗ ಹುಟ್ಟಿದ. ನಾಲ್ಕು ತುಂಬಿದಾಗ ಶಾಲೆಯ ಪುಸ್ತಕದಲ್ಲಿ ಗಿಳಿಗೆ ಮೈತುಂಬ ಕೆಂಪು ಬಳಿದು ಕೊಕ್ಕಿಗೆ ಹಸಿರು ಹಚ್ಚಿದ. ಅವತ್ತೇ ರಾಣೆಬೆನ್ನೂರಿನಿಂದ ಬೀಗರ ಫೋನು ಬಂತು. "ಬೀಗರ, ಹುಡುಗ ಥೇಟ್ ನನ್ನಂಗ. ನಮ್ಮ ಮನಿತನದ ಗುಣ ಎಲ್ಲಿ ಹೋಗತೈತಿ?" ಆ ಪುಸ್ತಕವನ್ನು ತಮ್ಮ ಅಂಗಡಿಗೆ ಬಂದವರಿಗೆಲ್ಲ ತೋರಿಸಿ ಪೇಢೆ ಹಂಚಿದರಂತೆ. "ಡಾಕ್ಟರು ಹೇಳಿದ್ದು ಮರತ್ರೇನು, ಅದು ಬ್ಯಾಡಗೀದು" ಎಂದು ಬೀಗಿತ್ತಿ ನೆನಪಿಸಿದರೆ, "ಡಾಕ್ಟರಿಗೇನು ಗೊತ್ತು" ಎಂದರಂತೆ.

"ನೀವರ ಹೋಗಿ ಖರೇ ಏನಂತ ಹೇಳಿಬರ್ರಿ" ಎಂದಳು ಹೆಂಡತಿ.

"ಸುಮ್ನಿರು" ಎಂದೆ. "ನನ್ನ ಮಾಲಿಗೆ ತಮ್ಮ ಅಂಗಡಿ ಮುದ್ರಿ ಹಾಕ್ಕೊಂಡು, ಮ್ಯಾಲೆ ಪೇಢೆ ಹಂಚೋ ಗಿರಾಕಿ ಇಷ್ಟು ವರ್ಷದಾಗ ಇವರೊಬ್ಬರ ಸಿಕ್ಕಾರ."