ಎಂ.ಎ. ಶೇರವಾನಿಯ ಚೀಲ

ಇಲಿ ತಿಂದದ್ದು ಶೇರವಾನಿಯ ಬಲತೋಳನ್ನು ಮಾತ್ರ. ಆ ತೋಳಿಲ್ಲದ ಶೇರವಾನಿಯನ್ನು ಎಸೆದುಬಿಟ್ಟಿದ್ದರೆ ದೇವಣಿಯ ಕಲ್ಯಾಣಪ್ಪ ಅಂದು ಪೇಚಿಗೆ ಸಿಕ್ಕಿಕೊಳ್ಳುತ್ತಿರಲಿಲ್ಲ. ಆದರೆ ಅವನಿಗೆ ಮನಸ್ಸಾಗಲಿಲ್ಲ. ಹೈದರಾಬಾದಿನಲ್ಲಿ ಅದನ್ನೇ ತೊಟ್ಟುಕೊಂಡು ಇತಿಹಾಸದಲ್ಲಿ ಎಂ.ಎ. ಮಾಡಿದ್ದ. ಕತ್ತರಿಸಿ ಪುಸ್ತಕದ ಚೀಲವನ್ನಾದರೂ ಹೊಲಿದುಕೊಳ್ಳೋಣ ಎಂದು ಕಟ್ಟೆಯ ಮೇಲೆ ಕೂತ.

ಹೊಲಿಗೆಗೆ ಇನ್ನೊಂದು ಕಾರಣವೂ ಇತ್ತು. ಓದು ಮುಗಿಸಿ ಊರಿಗೆ ಮರಳಿದಾಗಿನಿಂದ ದಾರಿಯಲ್ಲಿ ಹೋಗುವವರೆಲ್ಲ "ಮುಂದ ಏನ್ ಮಾಡ್ತೀರಿ?" ಎಂದು ಕೇಳುತ್ತಿದ್ದರು. ದನ ಹೊಡೆದುಕೊಂಡು ಹೋಗುವವರು ಕೇಳಿದರೆ ದನಗಳೂ ನಿಂತು ಉತ್ತರಕ್ಕೆ ಕಾಯುತ್ತಿದ್ದವು. ಶಾಲೆಗಳನ್ನು ನೋಡಿಕೊಳ್ಳುವ ಉದಗೀರದ ತಾಲೀಮ್ ಕಚೇರಿಗೆ ಮಾಸ್ತರಿಕೆ ಬೇಡಿ ಅರ್ಜಿ ಹಾಕಿದ್ದ. ಅಲ್ಲಿಂದ ಸುದ್ದಿಯೇ ಇರಲಿಲ್ಲ. ಬಾಯಲ್ಲಿ ದಾರ ಕಚ್ಚಿಕೊಂಡವನನ್ನು ಯಾರೂ ಮಾತಾಡಿಸಲಾರರು ಎಂಬುದು ಅವನ ಎಣಿಕೆ.

ಎಣಿಕೆ ತಪ್ಪಿತು. ಪಕ್ಕದ ಮನೆಯ ಗಿರಿಜಾಬಾಯಿ ಗೋಡೆಯ ಮೇಲಿಂದ ಮುಖ ತೂರಿಸಿದಳು.

"ಏನಪಾ ತಮ್ಮಾ, ಪಟ್ಟಣದಾಗ ಇಷ್ಟ ವರ್ಷ ಓದಿದ್ದು ಇದೇ ಏನು?"

"ಅಲ್ರೀ ಕಾಕು, ಚೀಲ ಹೊಲಿಲತ್ತೀನಿ."

"ಹೊಲಿ, ಹೊಲಿ. ಆದ್ರ ಇವತ್ತ ಹೆಣ್ಣಿನವರು ಬರ್ತಾರ, ಖಬರ್ ಅದ ಇಲ್ಲೋ?"

ಖಬರ್ ಇತ್ತು. ತಾಯಿ ಕಸ್ತೂರಬಾಯಿ ಬೆಳಗಿನಿಂದ ಅಡುಗೆಮನೆಯಲ್ಲಿ ಹೋಳಿಗೆಯ ಹೂರಣ ರುಬ್ಬುತ್ತಿದ್ದಳು. ಉದಗೀರದ ಮಾಣಿಕಪ್ಪ ಎಂಬ ದೊಡ್ಡ ರೈತ ತನ್ನ ಮಗಳಿಗೆ ವರನನ್ನು ನೋಡಲು ಬರುವವನಿದ್ದ. ಕಲ್ಯಾಣಪ್ಪ ಎಷ್ಟೋ ಹೇಳಿದ್ದ: "ಯವ್ವಾ, ಮೊದಲ ನೌಕರಿ ಸಿಗಲಿ. ಹುಡುಗ ಏನ್ ಮಾಡ್ತಾನ ಅಂತ ಕೇಳಿದ್ರ ಏನ್ ಹೇಳ್ಲಿ?" ಅವಳು ಕಿವಿಗೆ ಹಾಕಿಕೊಳ್ಳದೆ ಅವನಿಗೆ ಹೊಸ ಜರಿಯಂಚಿನ ಧೋತರ ಉಡಿಸಿ ಕೂಡಿಸಿದ್ದಳು.

ಅಷ್ಟರಲ್ಲಿ ಕುರಿ ಸಾಕುವ ಅಂಬಣ್ಣ ಬಂದ. ಸೂಜಿ ಹಿಡಿದ ಎಂ.ಎ.ಯನ್ನು ಕಂಡು ಕುಂಟು ಕುರಿಯನ್ನು ನೋಡುವಂತೆ ನೋಡಿದ.

"ಕಲ್ಯಾಣಪ್ಪನೋರೆ, ಇಂಥ ದಪ್ಪ ಅರಿವಿಗಿ ಈ ಸೂಜಿ ಎಲ್ಲಿ ತಾಳ್ತದ? ತಗೋರಿ, ಕಂಬಳಿ ಹೊಲಿಯೋ ದಬ್ಬಣ. ಉಣ್ಣಿ ದಾರಾನೂ ಅದ. ನಮ್ಮ ಹೊಲಿಗಿ ಎತ್ತು ಜಗ್ಗಿದ್ರೂ ಬಿಚ್ಚಂಗಿಲ್ಲ."

ಅಂಬಣ್ಣ ಹೋದ ಮೇಲೆ ಕಲ್ಯಾಣಪ್ಪ ದಬ್ಬಣವನ್ನು ಭರಾಟೆಯಿಂದ ಓಡಿಸಿದ. ಕೈ ಬೆರಳಿಗೆ ಒಂದೆರಡು ಸಲ ಚುಚ್ಚಿದರೂ ಬಿಡಲಿಲ್ಲ. ಕೊನೆಯ ಗಂಟು ಬಿಗಿದು, ದಾರ ಕಚ್ಚಿ ಹರಿದು, ಚೀಲ ಎತ್ತಿ ನೋಡಹೋದ. ಚೀಲ ಮೇಲೇಳಲಿಲ್ಲ. ಬಗ್ಗಿ ನೋಡಿದರೆ ಅದು ತೊಡೆಯ ಮೇಲಿನ ಧೋತರಕ್ಕೇ ಹೊಲಿದುಹೋಗಿತ್ತು. ಅದೂ ಎಲ್ಲ ನೆರಿಗೆಗಳನ್ನು ಸೇರಿಸಿ. ಎದ್ದು ನಿಂತರೆ ಚೀಲದ ಭಾರಕ್ಕೆ ನೆರಿಗೆ ಜಾರಿ ಧೋತರ ಸೊಂಟದಿಂದ ಕಳಚಿ ಬೀಳುವುದು ಖಂಡಿತ. ಕತ್ತರಿಸಿದರೆ ತಾಯಿ ಅವನನ್ನು ಕತ್ತರಿಸುವುದು ಖಂಡಿತ.

ಉಗುರಿನಿಂದ ಹೊಲಿಗೆ ಬಿಚ್ಚತೊಡಗಿದ. ಅಂಬಣ್ಣ ಸುಳ್ಳು ಹೇಳಿರಲಿಲ್ಲ.

"ಬಂದ್ರು, ಬಂದ್ರು," ಎಂದಳು ಗಿರಿಜಾಬಾಯಿ ಗೋಡೆಯಾಚೆಯಿಂದ. "ಉದಗೀರದವರು ಬಂದ್ರು. ಗೊಂಡೆದ ಕೆಂಪು ರೂಮಿ ಟೋಪಿ ಹಾಕ್ಯಾರ. ಭಾರಿ ಮನಿತನ ಕಾಣಸ್ತದ."

ಟಾಂಗಾದಿಂದ ಇಳಿದವನು ಕಟ್ಟೆಗೆ ಬಂದು ಕೈ ಮುಗಿದ. "ಕಲ್ಯಾಣಪ್ಪ ಅಂದ್ರ ನೀವೇ ಏನ್ರಿ? ಉದಗೀರದಿಂದ ಬಂದೀನಿ. ನಿಮ್ಮ ಬಗ್ಗೆ ಕೇಳಿದ್ದೆ, ಖುದ್ದ ನೋಡಿ ಹೋಗಬೇಕಂತ."

ಕಲ್ಯಾಣಪ್ಪ ಕೂತಲ್ಲಿಂದಲೇ ಕೈ ಮುಗಿದ. ಹಿರಿಯರು ಬಂದರೂ ಏಳದ ವರನನ್ನು ಕಂಡು ಗಿರಿಜಾಬಾಯಿ ಮಧ್ಯೆ ಬಾಯಿ ಹಾಕಿದಳು. "ಕಾಲು ನೆಟ್ಟಗ ಅವ ರೀ ಅವಂದು. ಕೆಲಸ ಹಿಡದ್ರ ಮುಗಿಯೋತನಕ ಏಳಂಗಿಲ್ಲ, ಅಂಥಾ ಛಲ."

ಬಂದವನು ಮೆಚ್ಚಿ ತಲೆದೂಗಿದ. ಕಲ್ಯಾಣಪ್ಪನಿಗೆ ಆಗ ಒಂದು ಉಪಾಯ ಹೊಳೆಯಿತು. ಇವನು ತಾನಾಗಿಯೇ ಬೇಡವೆಂದು ಎದ್ದುಹೋದರೆ ತಾಯಿಯೂ ತನ್ನನ್ನು ಬೈಯುವಂತಿಲ್ಲ.

"ಇತಿಹಾಸ ಓದೀರಂತಲ್ಲ?" ಎಂದ ಅತಿಥಿ.

"ಓದಿದ್ದೆ. ಎಲ್ಲಾ ಮರತೀನ್ರಿ. ಯಾವ ರಾಜಾ ಮೊದಲು, ಯಾವ ರಾಜಾ ಆಮ್ಯಾಗ ಅಂತ ಕೇಳಿದ್ರ ಹೇಳಾಕ ಬರಂಗಿಲ್ಲ."

"ಒಂದೂ ನೆನಪಿಲ್ಲ?"

"ಒಂದೂ ಇಲ್ರೀ. ನನಗ ಬರೋದು ಇದೊಂದೇ," ಎಂದು ಚೀಲ ತೋರಿಸಿದ. "ಮುಂಜಾನಿಂದ ಸಂಜೀತನಕ ಹೊಲಿಯೋದು. ಮತ್ತೊಂದು ಕೆಲಸಾ ನನ್ನ ಕೈಲೆ ಆಗಂಗಿಲ್ಲ."

ಅತಿಥಿ ನಿಟ್ಟುಸಿರು ಬಿಟ್ಟ. ಕಲ್ಯಾಣಪ್ಪ ಒಳಗೊಳಗೇ ಹಿಗ್ಗಿದ. ಅತಿಥಿ ಬಗ್ಗಿ ಹೊಲಿಗೆ ಪರೀಕ್ಷಿಸಿ ಚೀಲದ ತುದಿ ಹಿಡಿದು ಜಗ್ಗಿದ. ಚೀಲದ ಸಂಗಡ ಕಲ್ಯಾಣಪ್ಪನೂ ಮುಂದಕ್ಕೆ ಸರಿದು ಬಂದ.

"ವಾಹ್," ಎಂದ ಅತಿಥಿ. "ಭಾಳ ಮಜಬೂತ ಅದ. ನಾ ತಾಲೀಮ್ ಕಚೇರಿಯ ವೈಜನಾಥರಾವ್. ನಿಮ್ಮ ಅರ್ಜಿ ನೋಡಿ, ಇತಿಹಾಸದ ಮಾಸ್ತರ ಜಾಗಾ ಕೊಟ್ಟೇ ಹೋಗಬೇಕಂತ ಬಂದಿದ್ದೆ."

ಕಲ್ಯಾಣಪ್ಪ ಚೀಲ ಬಿಟ್ಟು ಎರಡೂ ಕೈ ಮುಗಿದ. "ಸಾಹೇಬ್ರ, ನನಗ ನೆನಪದ. ಎಲ್ಲಾ ರಾಜಾರೂ ನೆನಪ ಅದಾರ..."

"ಬ್ಯಾಡ, ಬ್ಯಾಡ. ಖರೆ ಹೇಳಿದ ಮ್ಯಾಲ ಸಂಕೋಚ ಯಾಕ? ಆ ಜಾಗಾಕ್ಕ ಬೇರೆಯವರು ಅದಾರ. ನಮ್ಮ ಸರಕಾರಿ ಸಾಲಿಗಿ ಹೊಲಿಗಿ ಕಲಸೋ ಮಾಸ್ತರ ಮಾತ್ರ ಎಷ್ಟ ಹುಡಿಕಿದ್ರೂ ಸಿಗವಲ್ರು. ಆ ಜಾಗಾ ನಿಮ್ಮದು. ಸೋಮವಾರ ಬಂದು ಹಾಜರಾಗ್ರಿ."

ಕಲ್ಯಾಣಪ್ಪ ಬೇಡವೆನ್ನಲು ಧಡಕ್ಕನೆ ಅರ್ಧ ಎದ್ದ. ಸೊಂಟ ಸಡಿಲವಾಯಿತು. ಎರಡೂ ಕೈಯಿಂದ ಹಿಡಿದುಕೊಂಡು ಮುಂದಕ್ಕೆ ಬಗ್ಗಿ ಕುಸಿದ. ಸಾಹೇಬರು ಅದನ್ನು ಕೃತಜ್ಞತೆಯ ಸಲಾಮು ಎಂದುಕೊಂಡು ಭುಜ ತಟ್ಟಿ ಟಾಂಗಾ ಹತ್ತಿದರು.

ಟಾಂಗಾ ತಿರುಗುವಷ್ಟರಲ್ಲಿ ಎತ್ತಿನ ಗಾಡಿಯೊಂದು ಬಂದು ನಿಂತಿತು. ಅದರಿಂದ ಇಳಿದವನೇ ನಿಜವಾದ ಮಾಣಿಕಪ್ಪ. ಗಿರಿಜಾಬಾಯಿ ಗೋಡೆಯಾಚೆಯಿಂದ ಎಲ್ಲವನ್ನೂ ಸಾರಿಬಿಟ್ಟಿದ್ದರಿಂದ ಕಸ್ತೂರಬಾಯಿ ಹೂರಣದ ಕೈಯಲ್ಲೇ ಹೊರಗೆ ಓಡಿಬಂದಳು.

"ಹುಡುಗ ಏನ್ ಮಾಡ್ತಾನ್ರೀ ತಾಯಿ?" ಎಂದು ಮಾಣಿಕಪ್ಪ ಕೇಳಿದ.

"ಸರಕಾರಿ ನೌಕರಿ ರೀ," ಎಂದಳು ಅವಳು ಎದೆ ಸೆಟೆಸಿ. "ಹೊಲಿಗಿ ಮಾಸ್ತರ."

ಕಲ್ಯಾಣಪ್ಪ ಕಣ್ಣು ಮುಚ್ಚಿಕೊಂಡ. ಹೊಲಿಗೆಯವನಿಗೆ ಯಾವ ದೊಡ್ಡ ರೈತ ಹೆಣ್ಣು ಕೊಟ್ಟಾನು? ಇದೊಂದಾದರೂ ತಪ್ಪಿತು ಎಂದುಕೊಂಡ.

ಮಾಣಿಕಪ್ಪ ಮುಂಡಾಸು ತೆಗೆದು ಮುಖ ಒರೆಸಿಕೊಂಡು ಕಟ್ಟೆಯ ಮೇಲೆ ಆರಾಮಾಗಿ ಕೂತ.

"ಹಂಗಾದ್ರ ಮಾತು ಮುಗೀತು. ಒಳ್ಳೆ ದಿನ ತಗಸ್ರಿ. ನಮ್ಮ ಹುಡಿಗಿಗಿ ಸೂಜಿ ಹಿಡಿಯಾಕ ಬರಂಗಿಲ್ಲ ಅಂತ ಬಂದವರೆಲ್ಲ ಬಿಟ್ಟ ಹೋಗ್ಯಾರ. ಇನ್ನ ಆಕಿ ಕುಬಸಾ ಆಕಿ ಗಂಡನೇ ಹೊಲಿತಾನ."